ಅತ್ತೆ ಬೈಯದ ಬೆಳಗು

ಗೆಳತಿಯರೇ, ಇಂದು ಬೆಳಿಗ್ಗೆ ಸುರಪುರದ ನಮ್ಮ ಓಣಿಯಲ್ಲಿ ಪವಾಡ ನಡೆಯಿತು. ಪಕ್ಕದ ಮನೆಯ ಅಂಬವ್ವ ಒಣಮೀನು ಹುರಿದಳು. ಅದರ ವಾಸನೆಗೆ ದಿನವೂ ಓಣಿಗೆಲ್ಲ ಕೇಳುವಂತೆ ಬೈಯುವ ನಮ್ಮತ್ತೆ, ಕಿಟಕಿಯ ಪಕ್ಕದಲ್ಲೇ ಕೂತು ತಣ್ಣಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು!

ಬೈಗುಳಕ್ಕೆ ಕಾದು ಕಾದು ಅಂಬವ್ವ ಒಲೆ ಆರಿಸಿ, ಗಾಬರಿಯಿಂದ ನಮ್ಮ ಬಾಗಿಲಿಗೇ ಬಂದಳು.

"ಅಕ್ಕಾರ, ಆರಾಮ ಅದೀರಿಲ್ಲೋ? ಮೀನ ಹುರದು ಇಷ್ಟೊತ್ತಾತು, ಒಂದ್ ಮಾತು ಬೈಲಿಲ್ಲಲ್ರಿ!"

"ಯಾವ ಮೀನ? ವಾಸನಿನೇ ಇಲ್ಲಲ್ಲ!"

"ಹಂಗಾರ ಕೊರೊನಾನೇ ಬಂದದ. ದವಾಖಾನಿಗಿ ನಡೀರಿ."

ದವಾಖಾನೆಯವರೂ ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಅತ್ತೆ ಈಗ ಕೋಣೆಯಲ್ಲಿ ಒಬ್ಬರೇ ಇದ್ದಾರೆ.

ಸಂಜೆ ಅಂಬವ್ವ ಮತ್ತೆ ಬಾಣಲೆ ಇಟ್ಟಳು. ಕೋಣೆಯೊಳಗಿಂದ ಗುಡುಗು: "ಮೂಗು ಹೋಗ್ಯದ, ಕಿವಿ ಹೋಗಿಲ್ಲ! ಚುರ್ ಅನ್ನೂದು ಕೇಳಸಾಕತ್ಯದ!"

ಗೋಡೆಯಾಚೆಯಿಂದ ಅಂಬವ್ವ ನನ್ನನ್ನು ಕೂಗಿ ಹೇಳಿದಳು: "ಚಿಂತಿ ಮಾಡಬ್ಯಾಡ್ರಿ, ಅಕ್ಕಾರು ಗುಣ ಆಗಾಕತ್ಯಾರ!"