ಮುಂಬಯಿಯಲ್ಲಿ ನೀರು ಬಿಟ್ಟ ದಿನ

ದೊಡ್ಡವರು ಓಡುವುದನ್ನು ಕಂಡರೆ ಈಗಲೂ ‘ಏನಾಯಿತು?’ ಎಂದು ಕೇಳಬೇಕೆನಿಸುತ್ತದೆ ನನಗೆ. ದಾಂಡೇಲಿಯ ಅಂಬೇವಾಡಿಯಲ್ಲಿ ಬೆಳೆದವಳು ನಾನು. ನಮ್ಮಲ್ಲಿ ನಡುವಯಸ್ಸಿನ ಹೆಂಗಸು ಓಡುತ್ತಿದ್ದರೆ ಹಳಿಯಾಳದ ಬಸ್ಸು ಹೊರಟಿದೆ, ಒಲೆಯ ಮೇಲಿಟ್ಟ ಹಾಲು ನೆನಪಾಗಿದೆ, ಇಲ್ಲವೇ ಯಾರೋ ಹೋಗಿದ್ದಾರೆ ಎಂದು ಅರ್ಥ. ಇನ್ನೂ ಚಿಕ್ಕವಳಾದರೆ ‘ಓಡಿಹೋದಳು’ ಎನ್ನುತ್ತಾರೆ. ಜೊತೆಗೊಬ್ಬ ಗಂಡಸಿನ ಹೆಸರು ಸೇರದೆ ಆ ವಾಕ್ಯ ಮುಗಿಯುವುದಿಲ್ಲ. ಸುಮ್ಮನೆ ಓಡಿ, ಹೊರಟಲ್ಲಿಗೇ ಬೆವರುತ್ತ ಮರಳುವ ಹೆಂಗಸಿಗೆ ನಮ್ಮ ಮಾತಿನಲ್ಲಿ ಜಾಗವೇ ಇಲ್ಲ. ಅಂಥವಳೊಬ್ಬಳು ನಾನೇ ಆದೆ. ಒಂದು ಬೇಸಿಗೆ ರಜೆಯಿಡೀ ಮುಂಬಯಿಯಲ್ಲಿ ಓಡಿದೆ. ದೋಣಿ ಹತ್ತಿದೆ, ಗುಡ್ಡ ಹತ್ತಿದೆ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಗೋಡೆಯನ್ನೂ ಹತ್ತಿದೆ. ನಾನು ಪಾಠ ಹೇಳುವ ಹಳಿಯಾಳದ ಶಾಲೆಯಲ್ಲಿ ಇದನ್ನು ಕೇಳಿದವರು ‘ಭಾಳ ಮಜಾ ಮಾಡಿ ಬಂದ್ರಿ ಬಿಡ್ರಿ ಟೀಚರ್’ ಅಂದರು. ಹೌದು ಅಂದೆ. ಆ ರಜೆಯಿಡೀ ನನ್ನ ತಮ್ಮ ಅಲ್ಲಿಯ ಆಸ್ಪತ್ರೆಯಲ್ಲಿ ಮಲಗಿದ್ದ.

ತಮ್ಮನ ಹೆಸರು ವಿನಾಯಕ, ನಮಗೆ ವಿನ್ಯಾ. ಜೋಯಿಡಾ ಕಡೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಗೈಡ್. ನಮ್ಮ ಕಾಳಿ ತನ್ನಿಷ್ಟಕ್ಕೆ ಹರಿಯುವ ನದಿಯಲ್ಲ. ಮೇಲೆ ಅಣೆಕಟ್ಟಿನಲ್ಲಿ ಕರೆಂಟು ತಯಾರಿಸಿ ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಬಂಡೆಗಲ್ಲು. ಹಾಗಾಗಿ ಗೈಡುಗಳ ಮನೆಯಲ್ಲಿ ಬೆಳಗಿನ ಮೊದಲ ಮಾತು ದೇವರ ಹೆಸರಲ್ಲ, ‘ನೀರ ಬಿಟ್ಟಾರೇನ?’ ಎಂಬ ಪ್ರಶ್ನೆ. ಇವನನ್ನು ನೀರು ಒಂದು ದಿನ ಒಯ್ಯುತ್ತದೆ ಎಂದು ಅವ್ವ ವರ್ಷಗಟ್ಟಲೆ ಹೆದರಿದ್ದಳು. ನೀರು ಏನೂ ಮಾಡಲಿಲ್ಲ. ಕುಳಗಿ ರಸ್ತೆಯಲ್ಲಿ ಬೈಕಿಗೆ ಕಾಡುಹಂದಿ ಅಡ್ಡ ಬಂತು. ಬೆನ್ನಿಗೆ ಪೆಟ್ಟು ಬಿದ್ದು, ಸೊಂಟದ ಕೆಳಗೆ ಅವನ ಕಾಲುಗಳು ಅವನ ಮಾತು ಕೇಳುವುದನ್ನು ನಿಲ್ಲಿಸಿದವು. ಮುಂಬಯಿಗೆ ಒಯ್ದರೆ ಕಾಲು ಬರಬಹುದು ಎಂದರು. ಆ ‘ಬಹುದು’ ಹಿಡಿದುಕೊಂಡು ಹೋದೆವು.

ಬೆಳಿಗ್ಗೆ ಡಾಕ್ಟರು ಬರುವ ಹೊತ್ತಿಗೆ ನಮ್ಮಂಥವರನ್ನು ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದರು. ನಾನು ಆಸ್ಪತ್ರೆಯ ಮರದ ಕೆಳಗೆ ಕೂತಿರುತ್ತಿದ್ದೆ.

“ಅಕ್ಕಾ, ಹೊರಗ ಹೋಗಿ ಏನ್ ಮಾಡ್ತಿ?” ಅಂತ ಒಂದು ದಿನ ಕೇಳಿದ.

“ಏನ್ ಮಾಡ್ಲಿ? ಗಿಡದ ಬುಡಕ ಕುಂದರತೇನಿ.”

“ಕುಂದ್ರಾಕ ಮುಂಬೈ ಯಾಕ ಬೇಕಿತ್ತು? ನಾ ಅಂತೂ ಮಕ್ಕೊಂಡೇನಿ. ಸಮುದ್ರ ಹತ್ರ ಐತಂತ, ನೀನರ ಓಡು.”

ಮರುದಿನ ಕಡಲ ದಂಡೆಗೆ ಹೋದೆ. ಓಡಲಲ್ಲ, ನೋಡಲು. ಆ ದಿನ ಮೋಡ ಕವಿದಿತ್ತು ಎಂದು ಬರೆಯಹೊರಟಿದ್ದೆ. ಮೋಡ ಇರಲಿಲ್ಲ, ಈಗ ನಾನೇ ತಂದಿಟ್ಟದ್ದು. ದುಃಖವನ್ನು ನೆನೆಯುವಾಗ ಮೋಡ ತಾನಾಗಿ ಬಂದು ನಿಲ್ಲುತ್ತದೆ, ನಂಬಬಾರದು. ಅಲ್ಲಿ ಅಲೆ ತಡೆಯಲು ಸುರಿದ ಕಾಂಕ್ರೀಟಿನ ಕಲ್ಲುಗಳ ಮೇಲೆ ಜೋಡಿಗಳು ಕೂತಿದ್ದವು. ನಾನೂ ಇಳಿದು ಒಂದರ ಮೇಲೆ ಕೂತೆ. ಆಗ ಎಲ್ಲಿಂದಲೋ ಸೈರನ್ ಕೂಗಿತು. ಅದು ಅಂಬುಲೆನ್ಸೋ, ಹಡಗೋ, ಇವತ್ತಿಗೂ ಗೊತ್ತಿಲ್ಲ. ನಮ್ಮ ಹೊಳೆಯಲ್ಲಿ ಸೈರನ್ ಎಂದರೆ ಒಂದೇ ಅರ್ಥ: ಮೇಲೆ ನೀರು ಬಿಟ್ಟಿದ್ದಾರೆ, ಒಗೆಯುವ ಬಟ್ಟೆ ಅಲ್ಲೇ ಬಿಟ್ಟು ದಡ ಹತ್ತು. ಚಿಕ್ಕವಳಿದ್ದಾಗ ಆ ಸದ್ದಿಗೆ ಅವ್ವ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು. ಆ ಎಳೆತ ಕುತ್ತಿಗೆಯ ಹಿಂದೆ ಇನ್ನೂ ಉಳಿದಿತ್ತೆಂದು ಕಾಣುತ್ತದೆ. “ನೀರ ಬಿಟ್ರೂ! ಮ್ಯಾಲ ಬರ್ರೀ!” ಎಂದು ಅಚ್ಚ ದಾಂಡೇಲಿ ಕನ್ನಡದಲ್ಲಿ ಅರಬ್ಬೀ ಸಮುದ್ರಕ್ಕೆ ಬೆನ್ನು ಮಾಡಿ ಕಿರುಚಿ, ಕಲ್ಲು ಹತ್ತಿ, ರಸ್ತೆಗೆ ಬಿದ್ದು ಓಡಿದೆ. ಒಂದು ಜೋಡಿ, ಪಾಪ, ನನ್ನ ಹಿಂದೆಯೇ ಓಡಿ ಬಂತು.

ನಿಂತು ಸುತ್ತ ನೋಡಿದರೆ ಯಾರಿಗೂ ಆಶ್ಚರ್ಯವಿಲ್ಲ. ಆ ರಸ್ತೆಯಲ್ಲಿ ಎಲ್ಲರೂ ಓಡುತ್ತಿದ್ದರು. ಬಣ್ಣದ ಬೂಟಿನ ಅಜ್ಜಿಯೊಬ್ಬಳು ನನ್ನ ಚಪ್ಪಲಿ ನೋಡಿ ಬೇಸರದಿಂದ ತಲೆಯಾಡಿಸಿ ಮುಂದೆ ಹೋದಳು. ನನ್ನ ಮೊದಲ ಓಟ ಅದು.

ಇದನ್ನು ಕೇಳಿ ವಿನ್ಯಾ ಹಾಸಿಗೆಯಲ್ಲಿ ಬಿದ್ದುಬಿದ್ದು ನಕ್ಕ. ಬಿದ್ದುಬಿದ್ದು ಎನ್ನುವುದು ಮಾತಿನ ರೂಢಿ. ಅವನು ನಕ್ಕದ್ದು ಸೊಂಟದವರೆಗೆ ಮಾತ್ರ. ಕಾಲ ಮೇಲಿನ ಚಾದರ ಅಲುಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

“ಅಲ್ಲಬೇ ಅಕ್ಕಾ, ಸಮುದ್ರಕ್ಕ ನೀರ ಯಾರ ಬಿಡ್ತಾರ?”

“ಚಂದ್ರ,” ಅಂದೆ, ಟೀಚರಲ್ಲವೇ.

“ಹಂಗಾರ ಅವನ ಫೋನ್ ನಂಬರ್ ಇಸ್ಕೊಂಡ ಬಾ. ಬಸ್ತ್ಯಾಂವಗ ಕೊಡೂಣು.”

ಬಸ್ತ್ಯಾಂವ ಅವನ ಜೊತೆಯ ಗೈಡ್, ಹಳಿಯಾಳ ಕಡೆಯ ಸಿದ್ದಿ ಜನಾಂಗದವ. ದಿನಾ ಬೆಳಿಗ್ಗೆ ಫೋನು ಮಾಡಿ, ಕ್ಷೇಮ ಕೇಳುವ ಮೊದಲು ನೀರಿನ ಸುದ್ದಿ ಹೇಳುತ್ತಿದ್ದ. “ಇವತ್ತ ಬಿಟ್ಟಿಲ್ಲೋ ವಿನ್ಯಾ. ನೀ ಬರೂತನಾ ಬಿಡೂದಿಲ್ಲಂತ.” ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಆಮೇಲೆ ವಿನ್ಯಾ ನನಗೆ ದಿನಕ್ಕೊಂದು ಸಾಹಸ ವಹಿಸತೊಡಗಿದ. ದಂಡೆಯಲ್ಲಿ ಓಡುವುದು ದಿನಾ, ಅದರ ಮೇಲೆ ಇವತ್ತು ದೋಣಿ ಹತ್ತು, ನಾಳೆ ಆ ಗುಹೆಗಳಿರುವ ಗುಡ್ಡ ಹತ್ತು. ಮಹಾನಗರದಲ್ಲಿ ಸಾಹಸಕ್ಕೂ ದುಡ್ಡು ಕೊಟ್ಟು ಚೀಟಿ ಹರಿಸಬೇಕು. ಹಗ್ಗ ಕಟ್ಟಿ ಗೋಡೆ ಹತ್ತಿಸುವ ಆಟದ ಜಾಗದ ಹುಡುಗಿ ನನ್ನ ಸೀರೆ ಕಂಡು ಕಕ್ಕಾಬಿಕ್ಕಿಯಾಗಿ ತನ್ನ ಪ್ಯಾಂಟು ಕೊಟ್ಟಳು. ಅರ್ಧ ಗೋಡೆಯಲ್ಲಿ ಹಲ್ಲಿಯಂತೆ ಅಂಟಿಕೊಂಡು, ಮೇಲೂ ಹೋಗಲಾರದೆ ಕೆಳಗೂ ಬರಲಾರದೆ, ಒಂದು ಪೂರ್ತಿ ಪಾಠ ಮುಗಿಸುವಷ್ಟು ಹೊತ್ತು ನೇತಾಡಿದೆ. ಸಂಜೆ ವರದಿ. ಅವನು ಗೈಡಿನ ದನಿಯಲ್ಲಿ ತನಿಖೆ ಮಾಡುತ್ತಿದ್ದ: “ಲೈಫ್ ಜಾಕೆಟ್ ಪಟ್ಟಿ ಬಿಗಿ ಮಾಡ್ಕೊಂಡಿ ಹೌದಲ್ಲೋ? ದೋಣ್ಯಾಗ ಎದ್ದ ನಿಂತಿಲ್ಲ ಹೌದಲ್ಲೋ?” ಹಾಸಿಗೆಯಲ್ಲಿದ್ದುಕೊಂಡೇ ಅವನು ಇನ್ನೂ ಒಬ್ಬರನ್ನು ದಡಕ್ಕೆ ಮುಟ್ಟಿಸುತ್ತಿದ್ದ.

ಇಲ್ಲಿಯತನಕ ಓದಿದವರಿಗೆ ಇದೊಂದು ಹಿತವಾದ ಕಥೆಯಾಗುತ್ತಿದೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು, ಅದಕ್ಕೇ ಹೆದರಿಕೆ. ನಡೆದದ್ದು ಬೇರೆ. ಬರಬರುತ್ತ ಅವನ ಪ್ರಶ್ನೆಗಳು ಕಡಿಮೆಯಾದವು. ನನ್ನ ಓಟ ಮಾತ್ರ ಹೆಚ್ಚಾಯಿತು. ಅವನ ಕಾಲುಗಳು ಚಾದರದ ಕೆಳಗೆ ದಿನದಿನಕ್ಕೆ ಸೊರಗುತ್ತಿದ್ದರೆ ನನ್ನವು ಗಟ್ಟಿಯಾಗುತ್ತಿದ್ದವು. ಮೀನಖಂಡ ಕಲ್ಲಿನಂತಾಯಿತು. ಸ್ನಾನ ಮಾಡುವಾಗ ಅದನ್ನು ಮುಟ್ಟಿದರೆ ಕದ್ದ ವಸ್ತು ಮುಟ್ಟಿದಂತಾಗುತ್ತಿತ್ತು. ‘ಅವನ ಪಾಲಿನದನ್ನೂ ನಾನೇ ಓಡಿದೆ’ ಎಂದು ಬರೆದರೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಯಾರ ಪಾಲಿನದನ್ನೂ ಯಾರೂ ಓಡಲಾರರು. ನನ್ನ ಕಾಲಿನ ಒಂದು ಹೆಜ್ಜೆಯೂ ಅವನ ಕಾಲಿಗೆ ಹೋಗಿ ಸೇರಲಿಲ್ಲ.

ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಹೇಳಲಿಲ್ಲ. ಕಾಲು ಬರುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ವಿನ್ಯಾ ಜೀಪಿನ ಬಾಡಿಗೆ ಒಪ್ಪಿಕೊಂಡವನಂತೆ ತಲೆಯಾಡಿಸಿದ. ಸಂಜೆ ನಾನು “ನಾಳೆ ಎಲ್ಲಿಗೆ ಹೋಗ್ಲಿ?” ಎಂದೆ.

“ಎಲ್ಲೂ ಬ್ಯಾಡ. ಸಾಕ ಮಾಡು.”

ಮರುದಿನವೂ ಓಡಿದೆ. ಯಾರೂ ವಹಿಸದ ಮೊದಲ ಓಟ ಅದು. ಸಮುದ್ರ ತನ್ನ ಪಾಡಿಗೆ ಏರುತ್ತಿತ್ತು. ಯಾರನ್ನೂ ಕೇಳದೆ ಬರುವ ನೀರನ್ನು ನೋಡಿ ನನಗೆ ಬಂದದ್ದು ಬೆರಗಲ್ಲ, ಬರೀ ಸಿಟ್ಟು.

ಊರಿಗೆ ಬಂದೆವು. ಮಳೆ ಹಿಡಿಯಿತು. ಮಳೆಗಾಲದಲ್ಲಿ ರಾಫ್ಟಿಂಗ್ ಬಂದ್. ಗೈಡುಗಳೆಲ್ಲ ಮನೆಯಲ್ಲೇ. ಬಸ್ತ್ಯಾಂವ ದಿನಾ ಬಂದು ಇಸ್ಪೀಟು ಹರವುತ್ತಿದ್ದ. “ಈಗ ಎಲ್ಲಾರೂ ನನ್ನಂಗ ಖಾಲಿ ಕೂತಾರ ನೋಡಬೇ,” ಎಂದು ವಿನ್ಯಾ ಅವ್ವನಿಗೆ ಹೇಳಿದ. ಅವ್ವ ಆ ವರ್ಷ ಮಳೆ ನಿಲ್ಲಬಾರದೆಂದು ದೇವರಿಗೆ ಹರಕೆ ಹೊತ್ತಳು. ಜಗತ್ತಿನಲ್ಲಿ ಅಂಥ ಹರಕೆ ಹೊತ್ತವಳು ಅವಳೊಬ್ಬಳೇ ಇರಬೇಕು.

ಮಳೆ ನಿಂತಿತು. ಬಸ್ತ್ಯಾಂವ ಬರುವುದನ್ನು ಬಿಟ್ಟು ಫೋನು ಮಾಡಿದ. ನೀರು ಬಿಟ್ಟಿದ್ದಾರಂತೆ, ಹೊರಟಿದ್ದಾನಂತೆ. ಆ ಬೆಳಿಗ್ಗೆ ಟೂರಿಸ್ಟರ ಜೀಪುಗಳು ತಲೆಯ ಮೇಲೆ ರಾಫ್ಟ್ ಹೊತ್ತು ನಮ್ಮ ಮನೆಯ ಮುಂದೆಯೇ ಹೋಗುವವಿದ್ದವು. ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಅಂಬೇವಾಡಿಯಲ್ಲೂ ಓಡುತ್ತೇನೆ ಈಗ, ‘ಯಾರರ ಹೋದ್ರೇನ್ರೀ?’ ಎಂದು ಕೇಳಿಸಿಕೊಳ್ಳುವುದೂ ರೂಢಿಯಾಗಿದೆ.

“ಅಕ್ಕಾ, ಬಾಗಲಾ ಹಾಕು. ಕಿಡಕೀನೂ ಹಾಕು,” ಎಂದ ವಿನ್ಯಾ, ಗೋಡೆಯ ಕಡೆ ಮುಖ ಮಾಡಿಕೊಂಡು.

ಹಾಕಿ ಹೋದೆ. ಹೊಳೆಯತನಕ ಓಡಿದೆ. ತಿರುಗಿ ಹೊರಟಾಗ ಎದುರಿಗೆ ಜೀಪುಗಳು ಬಂದವು. ಒಂದರಿಂದ ಬಸ್ತ್ಯಾಂವ ಕೈ ಎತ್ತಿದ, ನಾನೂ ಎತ್ತಿದೆ, ಇಬ್ಬರೂ ಬೇರೆ ಕಡೆ ನೋಡಿದೆವು.

ಮರಳಿ ಬಂದಾಗ ಬಾಗಿಲು ಹಾಕಿಯೇ ಇತ್ತು. ವಿನ್ಯಾ ಗೋಡೆಯ ಕಡೆಗೇ ಮುಖ ಮಾಡಿದ್ದ. ಅವನ ಕೈಗೆಟಕುವ ಕಿಟಕಿ ಮಾತ್ರ ಅಂಗೈ ಅಗಲದಷ್ಟು ತೆರೆದಿತ್ತು, ರಸ್ತೆ ಕಾಣುವಷ್ಟು. ನಾನೇ ಸರಿಯಾಗಿ ಹಾಕದೆ ಹೋಗಿದ್ದೆನೋ ಏನೋ. ನೆನಪನ್ನು ಕೇಳಬಹುದು, ನನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಅದಕ್ಕೇ ಇನ್ನೂ ಕೇಳಿಲ್ಲ.