ಹಿಂದಿನ ಸೀಟಿನವಳನ್ನು ಕೇಳಿದ ದಿನ

ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು ನನ್ನ ಸೊಂಟ ಬಿದ್ದುಹೋಗಿತ್ತು. ನನ್ನನ್ನು ಮನೆಗೆ ಕರೆದೊಯ್ಯಲು ನಮ್ಮ ಯಜಮಾನರು ಎಂದಿನಂತೆ ಹೊಸ ಕ್ರೂಸರ್ ಬೈಕಿನಲ್ಲಿ ಬಂದಿದ್ದರು. ಅವರ ತಂದೆ ಓಡಿಸುತ್ತಿದ್ದ ಬೈಕಿನ ಕಂಪನಿ ಎಂದೋ ಮುಚ್ಚಿತ್ತು. ಈಗ ಅದೇ ಹೆಸರಿನಲ್ಲಿ ಹೊಸ ಗಾಡಿ ಬಂದಿದ್ದೇ ತಡ, ಆಸೆಪಟ್ಟು ಕೊಂಡಿದ್ದರು.

ಗೇಟಿನೆದುರಿನ ಟೀ ಅಂಗಡಿಯಲ್ಲಿ ಅಂಥದ್ದೇ ಬೈಕಿದ್ದ ಅವರ ಇಬ್ಬರು ಗೆಳೆಯರು ಸಿಕ್ಕರು.

"ಪಿಕಪ್ ಸೂಪರ್ ಗುರು, ಆದ್ರೆ ಹಳೇದ್ರ ಸೌಂಡ್ ಬರಲ್ಲ" ಎಂದ ಒಬ್ಬ.

"ಲೇ, ಸೌಂಡ್ ಬಿಡೋ. ಸೀಟು ಸೋಫಾ ಇದ್ದಂಗೈತೆ" ಎಂದ ಇನ್ನೊಬ್ಬ.

ಟೀ ಮುಗಿದರೂ ಮಾತು ಮುಗಿಯಲಿಲ್ಲ. ನಾನು ಊಟದ ಬ್ಯಾಗ್ ಹಿಡಿದು ನಿಂತೇ ಇದ್ದೆ. ಕೊನೆಗೆ ಒಬ್ಬ, "ಅಕ್ಕಾ, ನಿಮ್ಗೆ ಹೆಂಗನ್ಸುತ್ತೆ ಗಾಡಿ?" ಎಂದ.

"ಸೋಫಾ ಇರೋದು ಮುಂದೆ ಕಣಪ್ಪಾ. ಹಿಂದೆ ಒಂದು ಮಣೆ ಐತೆ. ಹಂಪ್ ಬಂದಾಗೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ" ಎಂದೆ.

ಅವರು ನಕ್ಕರು. ಯಜಮಾನರು ನಗಲಿಲ್ಲ. ಮನೆ ತಲುಪಿದ ಮೇಲೆ, "ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು.

"ಅಷ್ಟು ಆಸೆಪಟ್ಟು ತಂದ್ರಲ್ಲ, ಹೆಂಗ್ ಹೇಳ್ಲಿ?"

ಮರುದಿನದಿಂದ ನಾನು ಕಾರ್ಖಾನೆಯ ಬಸ್ಸು ಹತ್ತತೊಡಗಿದೆ. ಕಿಟಕಿಗೆ ತಲೆಯಾನಿಸಿದರೆ ಊರು ಬರುವವರೆಗೂ ನಿದ್ದೆ.