ಫೋರ್‌ವೀಲ್ ಹಾಕಿದರೆ ಬರುವ ಸದ್ದು

ಮಾಕಳಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಶೀಟ್ ಹೊದಿಸಿದ ಶೆಡ್ಡು, ಎದುರಿಗೆ ತುಮಕೂರು ರಸ್ತೆಯ ಸರ್ವೀಸ್ ರೋಡು. ಕಾರು, ಬೈಕು ಮುಟ್ಟಲ್ಲ, ಜೀಪು ಮಾತ್ರ. ಅದರಲ್ಲೂ ಶನಿವಾರ ಬಂತೆಂದರೆ ಕಲ್ಲುಗುಡ್ಡ, ಕೆರೆಯಂಗಳ ಹುಡುಕಿಕೊಂಡು ಹೋಗಿ, ಕೆಸರಲ್ಲಿ ಹೂತುಕೊಂಡು, ಸೋಮವಾರ ನನ್ನ ಹತ್ರ ಬರೋ ಜನರ ಜೀಪು. ಅವರ ಹುಚ್ಚೇ ನನ್ನ ಅನ್ನ, ಹಾಗಾಗಿ ನಗಬಾರದು. ಆದರೂ ನಗ್ತೀನಿ. ನನಗೆ ಬಾಯಿ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ.

ಹೋದ ವರ್ಷ ದಸರಾ ಮುಗಿದು ಎರಡು ವಾರ ಆಗಿತ್ತು. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡೋ ಗಿರಾಕಿಯೊಬ್ಬರು ಗಾಡಿ ವಾಪಸ್ ತಂದರು. ಹಬ್ಬದ ಹೊತ್ತಿನಲ್ಲೇ ಅದರ ಮುಂದಿನ ಡಿಫರೆನ್ಷಿಯಲ್ ಬಿಚ್ಚಿ, ಬೇರಿಂಗ್ ಬದಲಿಸಿ ಕೊಟ್ಟಿದ್ದೆವು. ಆಕ್ಸಲ್ ಮಧ್ಯೆ ಸಣ್ಣ ಕುಂಬಳಕಾಯಿ ಥರ ಉಬ್ಬಿರುತ್ತಲ್ಲ, ಅದೇ ಡಿಫರೆನ್ಷಿಯಲ್. ಒಳಗೆ ಪಿನಿಯನ್ ಅಂತ ಒಂದು ಚಿಕ್ಕ ಗೇರು, ಕ್ರೌನ್ ಅಂತ ಒಂದು ದೊಡ್ಡ ಹಲ್ಲಿನ ಚಕ್ರ. ಚಿಕ್ಕದು ದೊಡ್ಡದನ್ನ ತಿರುಗಿಸುತ್ತೆ, ದೊಡ್ಡದು ಗಾಲಿ ತಿರುಗಿಸುತ್ತೆ. ಮುಂದಿನ ಆಕ್ಸಲ್‌ನದಕ್ಕೆ ನಿಜವಾದ ಕೆಲಸ ಬೀಳೋದು ಫೋರ್‌ವೀಲ್ ಹಾಕಿದಾಗ, ಅಂದರೆ ಇಂಜಿನ್ನಿನ ಬಲ ನಾಲ್ಕೂ ಗಾಲಿಗೆ ಹೋದಾಗ ಮಾತ್ರ. ಗಿರಾಕಿಯ ದೂರೂ ಅದೇ ಆಗಿತ್ತು. ರೋಡಲ್ಲಿ ಗಾಡಿ ತೆಪ್ಪಗೆ ಬರುತ್ತೆ, ಕೆಸರಲ್ಲಿ ಫೋರ್‌ವೀಲ್ ಹಾಕಿದರೆ ಗುಂಯ್ ಅನ್ನುತ್ತೆ.

ಶೆಡ್ಡಿನ ಹಿಂದಿನ ಮಣ್ಣು ರಸ್ತೆಗೆ ಗಾಡಿ ತಗೊಂಡು ಹೋದೆ. ಪಕ್ಕದಲ್ಲಿ ಗಿರಾಕಿ, ಹಿಂದೆ ನಮ್ಮ ಫಿಟ್ಟರ್. ಅವನು ಬಾಗಲಕೋಟೆ ಕಡೆಯವನು, ದಾಸರಹಳ್ಳಿಯಲ್ಲಿ ಹೆಂಡತಿ ಜೊತೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ಒಂಬತ್ತು ವರ್ಷದಿಂದ ನನ್ನ ಹತ್ರ ಇದ್ದ. ಡಿಫರೆನ್ಷಿಯಲ್ ಕೂರಿಸೋದರಲ್ಲಿ ಅವನ ಕೈ ನನಗಿಲ್ಲ, ಈ ರಸ್ತೆಯಲ್ಲಿ ಯಾರಿಗೂ ಇಲ್ಲ. ಈ ಗಾಡಿಯದನ್ನ ಕೂರಿಸಿದ್ದೂ ಅವನೇ.

ಟೂವೀಲ್‌ನಲ್ಲಿ ಸದ್ದಿಲ್ಲ. ಇಳಿದು ಮುಂದಿನ ಗಾಲಿಗಳನ್ನ ಆಕ್ಸಲ್ಲಿಗೆ ಜೋಡಿಸೋ ಲಾಕ್ ತಿರುಗಿಸಿ ಫೋರ್‌ವೀಲ್ ಹಾಕಿದೆ. ಶುರುವಾಯ್ತು. ಆಕ್ಸಿಲರೇಟರ್ ಒತ್ತಿದರೆ ಏರುತ್ತೆ, ಬಿಟ್ಟರೆ ರಾಗ ಬದಲಾಯಿಸುತ್ತೆ. ಗಾಲಿಯ ಬೇರಿಂಗ್ ಹೋಗಿದ್ದರೆ ಟೂವೀಲ್‌ನಲ್ಲೂ ಕೂಗಬೇಕಿತ್ತು. ಗೇರ್ ಬಾಕ್ಸಿಂದ ಆಕ್ಸಲ್ಲಿಗೆ ಬರೋ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಸಡಿಲ ಆಗಿದ್ದರೆ ಕಟಕಟ ಅನ್ನಬೇಕಿತ್ತು. ಇದು ಕುಂಬಳಕಾಯಿಯ ಒಳಗಿನದೇ.

ಫೋರ್‌ವೀಲ್ ಹಾಕಿಕೊಂಡು ಟಾರ್ ರೋಡಲ್ಲಿ ಓಡಿಸಿದ್ರಾ ಅಂತ ಗಿರಾಕಿನ ಕೇಳಿದೆ. ಹತ್ತರಲ್ಲಿ ಆರು ಜನ ಮಾಡೋ ತಪ್ಪು ಅದು. ಒಣ ರೋಡಿನ ತಿರುವಲ್ಲಿ ಮುಂದಿನ ಗಾಲಿ ಹಿಂದಿನ ಗಾಲಿ ಒಂದೇ ಸಮ ತಿರುಗೋಕಾಗಲ್ಲ, ಆ ಎಳೆದಾಟವೆಲ್ಲ ಗೇರಿನ ಹಲ್ಲಿಗೆ ಬೀಳುತ್ತೆ. ಅವರು ದೇವರಾಣೆ ಇಲ್ಲ ಅಂದರು. ಸುಳ್ಳು ಹೇಳೋ ಮುಖ ಅಲ್ಲ. ಹಾಗಾದರೆ ಎರಡೇ ವಾರಕ್ಕೆ ಹೇಗೆ ಹೋಯ್ತು ಅಂತ ತಿರುಗಿ ಕೇಳಿದರು. ಅವರ ಸ್ನೇಹಿತರ ಬಳಗದ ಗಾಡಿಗಳೆಲ್ಲ ನನ್ನ ಶೆಡ್ಡಿಗೇ ಬರೋದು. ಏನೋ ಒಂದು ಉತ್ತರ ಕೊಡಬೇಕಿತ್ತು, ಬಾಯಿಗೆ ಬಂದದ್ದು ಕೊಟ್ಟೆ.

"ನಮ್ಮ ಫಿಟ್ಟರ್ ಸೆಟ್ಟಿಂಗಲ್ಲಿ ಎಡವಿದ್ದಾನೆ ಸಾರ್. ಊರಿಂದ ಬಂದು ಇನ್ನೂ ಹಬ್ಬದ ಗುಂಗಲ್ಲಿದ್ದ."

ಗಿರಾಕಿ ಗಾಡಿ ನನ್ನ ಹತ್ರ ಬಿಟ್ಟು ಕ್ಯಾಬ್ ಹತ್ತಿ ಹೋದರು. ಆಮೇಲೆ ಫಿಟ್ಟರ್ ನನ್ನೆದುರು ಬಂದು ನಿಂತ.

"ಬಿಚ್ಚಿ ನೋಡ್ರಿ ಅಣ್ಣಾರ. ಸೆಟ್ಟಿಂಗ್ ತಪ್ಪಿದ್ರ ನಾಳಿಂದ ನಾ ಬರಂಗಿಲ್ಲ."

ನಾನೇ ಬಿಚ್ಚಬೇಕಂತೆ, ಅವನು ಕೈ ಹಚ್ಚಲ್ಲವಂತೆ. ಆಮೇಲೆ ಮುಚ್ಚಿಹಾಕಿದ ಅನ್ನೋ ಮಾತು ಬರಬಾರದು. ಧಿಮಾಕು ನೋಡು ಅಂತ ಒಳಗೊಳಗೇ ಉರಿದುಹೋದೆ. ಒಂದು ಮಾತಿಗೆ ಇಷ್ಟು ಬಿಗುಮಾನವಾ! ಭಯವೂ ಆಯ್ತು, ಅದನ್ನ ಮಾತ್ರ ತೋರಿಸಿಕೊಳ್ಳಲಿಲ್ಲ. ಅವನು ಹೋದರೆ ಈ ಶೆಡ್ಡಲ್ಲಿ ಉಳಿಯೋದು ಎಣ್ಣೆ ಬದಲಿಸೋ ಕೆಲಸ ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಬಿಚ್ಚೋಕೆ ಕೂತೆ. ಮೊದಲು ಎಣ್ಣೆ ಇಳಿಸಿದೆ. ಬಿಸಿಲಿಗೆ ಹಿಡಿದರೆ ಬೆಳ್ಳಿ ಪುಡಿ ಕಲಸಿದ ಹಾಗೆ ಮಿನುಗಿತು. ಹಲ್ಲು ಸವೆಯುತ್ತಿದೆ ಅಂತ ಅದರ ಅರ್ಥ. ಚೂರುಗಳಿಲ್ಲ, ಅಂದರೆ ಮುರಿದಿಲ್ಲ. ಮುಚ್ಚಳ ತೆಗೆದು ಕ್ರೌನನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಸಂದು ಅಳೆದೆ. ಸರಿಯಿತ್ತು. ನಂಬಿಕೆ ಬರದೆ ನಾಲ್ಕು ಕಡೆ ಅಳೆದೆ, ನಾಲ್ಕು ಕಡೆಯೂ ಸರಿ. ಬೇರಿಂಗ್ ಅಲುಗಲ್ಲ, ಬೋಲ್ಟು ಒಂದೂ ಸಡಿಲವಿಲ್ಲ. ಅವನ ಸೆಟ್ಟಿಂಗಲ್ಲಿ ಕೂದಲಿನಷ್ಟೂ ತಪ್ಪಿರಲಿಲ್ಲ. ಅವನು ಕೈಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತೇ ಇದ್ದ.

ಹಾಗಾದರೆ ಸದ್ದು ಎಲ್ಲಿಂದ? ನಮ್ಮಲ್ಲಿ ಒಂದು ಪದ್ಧತಿ ಇದೆ. ಗ್ರೀಸಿಗೆ ಕುಂಕುಮ ಕಲಸಿ ಕ್ರೌನಿನ ಹಲ್ಲಿಗೆ ಬಳಿದು ತಿರುಗಿಸಿದರೆ, ಪಿನಿಯನ್ ಎಲ್ಲಿ ತಾಗುತ್ತೋ ಅಲ್ಲಿ ಬಣ್ಣ ಒರೆಸಿಹೋಗುತ್ತೆ. ಹಲ್ಲಿನ ನಡುಮಧ್ಯೆ ಒರೆಸಿಹೋಗಬೇಕು. ಇಲ್ಲಿ ಅಂಚಲ್ಲಿ ಹೋಗಿತ್ತು. ಸಂದು ಸರಿಯಿದ್ದೂ ಹಲ್ಲು ಹಲ್ಲಿಗೆ ಕೂರ್ತಿಲ್ಲ ಅಂದರೆ ಏನು ಅಂತ ಹೊಳೆಯೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯ್ತು. ಬಟ್ಟೆ ತಗೊಂಡು ಕ್ರೌನಿನ ಅಂಚು ಒರೆಸಿ, ಅಲ್ಲಿ ಕೆತ್ತಿದ್ದ ನಂಬರ್ ಓದಿಕೊಂಡೆ. ಕಾರ್ಖಾನೆಯಲ್ಲಿ ಕ್ರೌನನ್ನೂ ಪಿನಿಯನ್ನನ್ನೂ ಜೊತೆಗೇ ಉಜ್ಜಿ ಹದ ಮಾಡಿ, ಎರಡಕ್ಕೂ ಒಂದೇ ನಂಬರ್ ಕೆತ್ತಿ ಕಳಿಸುತ್ತಾರೆ. ಟಾರ್ಚ್ ಬಿಟ್ಟು ಒಳಗಿದ್ದ ಪಿನಿಯನ್ನಿನ ಮುಖ ನೋಡಿದೆ. ಅದರ ನಂಬರೇ ಬೇರೆ.

ಟಾರ್ಚ್ ಆರಿಸಿ ನೆಲದ ಮೇಲೆ ಕೂತುಬಿಟ್ಟೆ. ಯಾರು ಮಾಡಿದ್ದು ಅಂತ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆಯುಧಪೂಜೆ ದಿನ ಶೆಡ್ಡಲ್ಲಿ ಒಂದೇ ಮಾದರಿಯ ಎರಡು ಜೀಪು ಬಿಚ್ಚಿಕೊಂಡು ನಿಂತಿದ್ದವು. ಎರಡರ ಪಿನಿಯನ್ನೂ ಗಾಡಿಯಲ್ಲೇ ಇತ್ತು, ಕ್ರೌನ್ ಮಾತ್ರ ಹೊರಗೆ. ಹಿಂದಿನ ದಿನ ಊರಿಗೆ ಬಸ್ ಹತ್ತೋ ಮುಂಚೆ ಅವನು ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು, ಚಾಕ್‌ಪೀಸಿನಲ್ಲಿ ಗುರುತು ಹಾಕಿ, ತಟ್ಟೆ ಮುಟ್ಟಬ್ಯಾಡ್ರಿ, ಹತಾರಕ್ಕಷ್ಟ ಪೂಜಾ ಮಾಡ್ರಿ ಅಂತ ಹೇಳಿಹೋಗಿದ್ದ. ನಾನು ಕೇಳೋನಾ? ನಮ್ಮಪ್ಪ ಪೀಣ್ಯದಲ್ಲಿ ಲೇತ್ ಓಡಿಸ್ತಿದ್ದವರು. ವರ್ಷಕ್ಕೊಂದು ದಿನ ಕಬ್ಬಿಣದ ಚೂರಿಗೂ ಸ್ನಾನ ಆಗಬೇಕು, ಅರಿಶಿನ ಕುಂಕುಮ ಬೀಳಬೇಕು ಅನ್ನೋದು ಅವರ ಶಿಸ್ತು. ಗ್ರೀಸ್ ಮೆತ್ತಿದ ಸಾಮಾನನ್ನ ದೇವರ ಮುಂದೆ ಹಾಗೇ ಇಡೋಕೆ ನನಗೆ ಮನಸ್ಸಾಗಲಿಲ್ಲ. ಎರಡು ಕ್ರೌನನ್ನೂ ಡೀಸೆಲ್‌ನಲ್ಲಿ ಫಳಫಳ ತೊಳೆದು, ಹಲಗೆ ಮೇಲೆ ಜೋಡಿಸಿ, ಸೇವಂತಿಗೆ ಇಟ್ಟು ಪೂಜೆ ಮಾಡಿದೆ. ಚಾಕ್‌ಪೀಸಿನ ಗುರುತು ಡೀಸೆಲ್ ಜೊತೆ ಹೋಯ್ತು. ಆಮೇಲೆ ಯಾವುದು ಯಾವ ತಟ್ಟೆಯದು ಅಂತ ಅಂದಾಜಲ್ಲಿ ಇಟ್ಟೆ. ಅದನ್ನ ಅವನಿಗೆ ಹೇಳಬೇಕು ಅಂತಲೂ ಅನ್ನಿಸಲಿಲ್ಲ.

ಅವನು ಊರಿಂದ ಬಂದವನೇ ಬನ್ನಿ ಎಲೆ ನನ್ನ ಕೈಗಿಟ್ಟು, ತಟ್ಟೆಯಲ್ಲಿರೋದು ತಾನಿಟ್ಟದ್ದೇ ಅಂತ ನಂಬಿ ಕೆಲಸಕ್ಕೆ ಕೂತಿದ್ದ. ಗಾಡಿ ಜೋಡಿಸಿದ ಮೇಲೆ, ಅರ್ಧ ದಿನ ಕೊಡ್ರಿ, ಬಣ್ಣ ಹಚ್ಚಿ ನೋಡ್ತೀನಿ ಅಂತ ಕೇಳಿದ್ದ. ಗಿರಾಕಿ ಶನಿವಾರದ ಸವಾರಿಗೆ ಹೊರಟು ನಿಂತಿದ್ದಾರೆ, ಮುಚ್ಚು ಅಂತ ನಾನೇ ಗದರಿದ್ದೆ. ಈ ಮಾತನ್ನ ಅವನು ಗಿರಾಕಿ ಎದುರಲ್ಲೇ ಎತ್ತಿ ಆಡಬಹುದಿತ್ತು. ಆಡಲಿಲ್ಲ. ಅದು ನೆನಪಾದಾಗ ನನಗೆ ನಾಚಿಕೆಯಾಯ್ತು, ತುಂಬಾ ನಾಚಿಕೆಯಾಯ್ತು.

ಎದ್ದು ಕೈ ಒರೆಸಿಕೊಂಡೆ. ತಪ್ಪು ಒಪ್ಪಿಕೊಳ್ಳೋದಾದರೆ ಗಂಡಸಿನ ಹಾಗೆ ಒಪ್ಪಿಕೋಬೇಕು ಅಂತ, ಅವನಿಗೆ ಕೇಳಿಸೋ ಹಾಗೆ ಅಲ್ಲೇ ನಿಂತು ಗಿರಾಕಿಗೆ ಫೋನ್ ಮಾಡಿದೆ. ಸೆಟ್ಟಿಂಗ್ ಸರಿಯಾಗೇ ಇದೆ, ಪೂಜೆ ದಿನ ಎರಡು ಗಾಡಿ ಕ್ರೌನ್ ಅದಲು ಬದಲು ಮಾಡಿದ್ದು ನಾನು, ಹಲ್ಲು ಸವೆದಿರೋದರಿಂದ ಹೊಸ ಜೋಡಿ ತರಿಸಿ ಹಾಕಿಸಿಕೊಡ್ತೀನಿ ಅಂದೆ. ಅವರು ಯಾವುದೋ ಮೀಟಿಂಗಲ್ಲಿದ್ದರು. ಓಕೆ ಓಕೆ, ಗಾಡಿ ಯಾವಾಗ ಸಿಗುತ್ತೆ ಅಂತ ಮಾತ್ರ ಕೇಳಿದರು. ಆಮೇಲೆ ಇನ್ನೊಂದು ಜೀಪಿನ ಯಜಮಾನರಿಗೂ ಮಾಡಿದೆ. ಅವರು ಎಲೆಕ್ಟ್ರಾನಿಕ್ ಸಿಟಿಯವರು, ಗಾಡಿ ತಗೊಂಡಾಗಿನಿಂದ ಒಂದು ಸಲವೂ ಫೋರ್‌ವೀಲ್ ಹಾಕಿದವರಲ್ಲ. ಸದ್ದಾ, ಯಾವ ಸದ್ದು ಅಂದರು. ನನಗೆ ಎದೆಯ ಭಾರ ಇಳಿದ ಹಾಗಾಯ್ತು. ಫೋನ್ ಜೇಬಿಗಿಟ್ಟು, ಸರಿ ಬಾ, ಕೆಲಸ ನೋಡೋಣ ಅಂತ ಅವನನ್ನ ಕರೆದೆ.

ಅವನು ಕಂಬ ಬಿಟ್ಟು ಕದಲಲಿಲ್ಲ.

"ಅವ್ರಿಗೆ ಹೇಳಿದ್ರಿ," ಅಂದ. "ನನಗ ಇನ್ನೂ ಹೇಳಿಲ್ರಿ."

ಇಬ್ಬರು ಗಿರಾಕಿಗಳಿಗೆ ಸಲೀಸಾಗಿ ಹೇಳಿದ್ದ ಮಾತು, ಮೂರು ಮೊಳ ದೂರದಲ್ಲಿ ನಿಂತವನಿಗೆ ಹೇಳೋಕೆ ಬಾಯೇ ಬರಲಿಲ್ಲ. ಸ್ಪ್ಯಾನರ್ ಎತ್ತಿದೆ, ಇಟ್ಟೆ. ಕೊನೆಗೆ ಅವನ ಹತ್ರ ಹೋಗಿ, "ತಪ್ಪು ನಂದು ಕಣಪ್ಪಾ. ಬಿಚ್ಚಿ ನೋಡದೆ ನಿನ್ನ ಮೇಲೆ ಹಾಕಿದೆ. ಹಾಕಬಾರದಿತ್ತು" ಅಂದೆ.

"ಆಯ್ತ್ರಿ ಅಣ್ಣಾರ," ಅಂದ, ಬಂದು ಕೆಲಸಕ್ಕೆ ಕೂತ.

ಹೊಸ ಜೋಡಿ ಬಂದ ಮೇಲೆ ಎರಡು ಗಾಡಿಗೂ ಅವನೇ ಕೂರಿಸಿದ, ಬಣ್ಣ ಹಚ್ಚಿ ನೋಡೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಗೊಂಡ. ಮಣ್ಣು ರಸ್ತೆಯಲ್ಲಿ ಎರಡೂ ಉಸಿರೆತ್ತಲಿಲ್ಲ. ಆ ಶನಿವಾರ ಸಂಜೆ ನಮ್ಮ ಮನೆಗೆ ಬಂದು, ಸೋಮವಾರದಿಂದ ಪೀಣ್ಯದ ಒಂದು ಗೇರ್ ಫ್ಯಾಕ್ಟರಿಗೆ ಹೋಗ್ತೀನಿ, ಮಾತಾಡಿ ಆಗಿದೆ ಅಂತ ಹೇಳಿ, ನಮ್ಮನೆಯವಳು ಕೊಟ್ಟ ಕಾಫಿ ಕುಡಿದು ಹೊರಟ. ತಪ್ಪು ಒಪ್ಪಿಕೊಂಡರೆ ಅವನು ಉಳೀತಾನೆ ಅಂತ ನಾನು ತಿಳಿದಿದ್ದೆ. ಅವನು ನನ್ನ ಬಾಯಲ್ಲಿ ಆ ಮಾತು ಹೇಳಿಸಿದ್ದು ಉಳಿಯೋಕಲ್ಲ, ತಪ್ಪು ಮಾಡಿ ಹೋದವನು ಅನ್ನಿಸಿಕೊಳ್ಳದೆ ಹೋಗೋಕೆ.